ಎರಡನೆಯ ಚಿತ್ರ

ಕಾರ್ಬನ್ ಹನ್ನೊಂದಕ್ಕೆ ಕಾಯುವ ತಾಳ್ಮೆಯಿಲ್ಲ.
ಇಪ್ಪತ್ತು ನಿಮಿಷಕ್ಕೆ ಅರ್ಧ, ನಲವತ್ತಕ್ಕೆ ಕಾಲು.
ಸೀಸದ ಡಬ್ಬಿಯಲ್ಲಿ ಸಿರಿಂಜು ಹೊತ್ತು
ಟುರ್ಕುವಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಹನ್ನೆರಡು ವರ್ಷದಿಂದ ಓಡುತ್ತಲೇ ಇದ್ದೇನೆ,
ಅಂಗೈಯಲ್ಲಿ ಮಂಜುಗಡ್ಡೆ ಹಿಡಿದವನ ಹಾಗೆ.

ಈ ಬೆಳಿಗ್ಗೆ ಯಂತ್ರದ ಕೊರಳೊಳಗೆ ತಲೆಯಿಟ್ಟವಳು
ತುಯೊವಿ ಲೆಹ್ತಿಸಾರಿ, ಎಪ್ಪತ್ತೊಂಬತ್ತು,
ಹಡಗುಕಟ್ಟೆಯಲ್ಲಿ ಮೂವತ್ತೊಂದು ವರ್ಷ ಕ್ರೇನು ನಡೆಸಿದಾಕೆ.
"ನನ್ನ ತಲೆಯಲ್ಲಿ ಏನು ಹುಡುಕುತ್ತೀ, ಮಗಾ?"
ಅಫೀಮಿನ ಗ್ರಾಹಕಗಳನ್ನು, ಎಂದೆ.
"ಅಫೀಮೇ! ನಾನು ತಿಂದದ್ದು ಉಪ್ಪು ಮೀನು ಮಾತ್ರ."

ಹೇಗೆ ಹೇಳಲಿ? ಅವಳ ಕಟ್ಟೆಯಿಂದಲೇ ಶುರುಮಾಡಿದೆ:
ದಡದುದ್ದಕ್ಕೂ ಕಬ್ಬಿಣದ ಗೂಟಗಳಿರುತ್ತವಲ್ಲ, ದೋಣಿ ಕಟ್ಟಲು,
ಮಿದುಳಿನಲ್ಲೂ ಇವೆ ಅಂಥವು.
ನೋವು ಏರಿದಾಗ ಒಳಗಿನಿಂದಲೇ ಪುಟ್ಟ ದೋಣಿಗಳು ಬಂದು
ಹಗ್ಗ ಬಿಗಿದು ನಿಲ್ಲುತ್ತವೆ, ಅಲೆ ತಗ್ಗುತ್ತದೆ.
ನಗುವಾಗಲೂ ಬರುತ್ತವೆ.
ಮಾರ್ಫಿನ್ ಎಂಬುದು ಅದೇ ಗೂಟಕ್ಕೆ ಬಂದು ನಿಲ್ಲುವ ಪರದೇಶಿ ಹಡಗು.
ನಾವು ಬಿಡುವುದು ಮಿಣುಕುವ ದೋಣಿ,
ಖಾಲಿ ಗೂಟ ಸಿಕ್ಕರೆ ಮಾತ್ರ ಕಟ್ಟಿಕೊಳ್ಳುತ್ತದೆ.
"ವಯಸ್ಸಾದರೆ ಗೂಟಕ್ಕೂ ತುಕ್ಕು ಹಿಡಿಯುತ್ತದೋ?"
ಕೆಲವು ಕಡೆ ಉದುರುತ್ತವೆ, ಕೆಲವು ಕಡೆ ಹೆಚ್ಚುತ್ತವಂತೆ,
ಗಂಡಿಗೊಂದು ಲೆಕ್ಕ, ಹೆಣ್ಣಿಗೊಂದು. ಪೂರ್ತಿ ಗೊತ್ತಿಲ್ಲ.
"ಗೊತ್ತಿಲ್ಲ ಅಂದೆಯಲ್ಲ, ಸಾಕು," ಎಂದು ಕಣ್ಣು ಮುಚ್ಚಿದಳು.

ಮೊದಲ ಚಿತ್ರ, ಒಬ್ಬಳೇ ಕೂತು ಎದ್ದ ಮೇಲೆ.
ಎರಡನೆಯದು, ಅರ್ಧ ಗಂಟೆ ನಕ್ಕ ಮೇಲೆ.
ಯಾರೊಡನೆ ಎಂದೂ ಫಾರಮ್ಮಿನಲ್ಲಿ ಅಚ್ಚಾಗಿದೆ: ಆಪ್ತ ಗೆಳತಿ.

ಅವಳು ಕರೆತಂದದ್ದು ರೌಹಾ ಎಂಬಾಕೆಯನ್ನು.
"ಗೆಳತಿಯರೆಲ್ಲ ಮಣ್ಣಾದರು. ಉಳಿದವಳು ಇವಳೊಬ್ಬಳು.
ಎಂಬತ್ತಾರರಿಂದ ನಮಗೆ ಎಣ್ಣೆ ಸೀಗೆಕಾಯಿ."
ಏನೋ ಮುಷ್ಕರ, ಏನೋ ಸಹಿ. ನಾನು ಕೆದಕಲಿಲ್ಲ.
ನಗೆಚಿತ್ರ ಹಾಕಿಕೊಟ್ಟು ಗಾಜಿನಾಚೆ ನಿಂತೆ.
ಹನ್ನೆರಡು ನಿಮಿಷ ಇಬ್ಬರೂ ಪರದೆಯನ್ನು
ಬಾಕಿ ವಸೂಲಿಗೆ ಬಂದವರ ಹಾಗೆ ದಿಟ್ಟಿಸಿದರು.
ಪಕ್ಕದ ಕಟ್ಟಡದಲ್ಲಿ ಸೈಕ್ಲೋಟ್ರಾನ್ ಗುಂಯ್ಗುಡುತ್ತಿತ್ತು.
ಆಮೇಲೆ ರೌಹಾ, ಪರದೆಯಿಂದ ಕಣ್ಣು ಕೀಳದೆ,
"ಮೇಸ್ತ್ರಿಯ ಹಲ್ಲುಸೆಟ್ಟು," ಎಂದಳು.
ಅಷ್ಟೇ.
ತುಯೊವಿಯ ಭುಜ ಅಲುಗಿತು. ಅಳುತ್ತಿದ್ದಾಳೆ ಅಂದುಕೊಂಡೆ.
"ನನ್ನ ಕ್ರೇನಿನ ಕೊಕ್ಕೆಗೆ..." "ಬಕೆಟ್ಟಿನಲ್ಲಿ..."
"ಅವನು ಕೆಳಗೆ, ಬಾಯಿಗೆ ಟೋಪಿ ಅಡ್ಡ ಹಿಡಿದು..."
ಹೊಟ್ಟೆ ಹಿಡಿದು, ಒಬ್ಬಳ ತೋಳನ್ನು ಇನ್ನೊಬ್ಬಳು ಹಿಡಿದು,
ಕೆಮ್ಮಿ, ಕಣ್ಣೊರೆಸಿ, ಮತ್ತೆ "ಹಲ್ಲುಸೆಟ್ಟು" ಎಂದು ಮೊದಲಿನಿಂದ.
ನಾನು ಸಿರಿಂಜಿಗೆ ಓಡಿದೆ.

ಆಮೇಲೆ ಎರಡೂ ಚಿತ್ರ ಅಕ್ಕಪಕ್ಕ.
ಮೊದಲನೆಯದರಲ್ಲಿ ಥಲಾಮಸ್ ಕೆಂಡದಂತೆ.
ಎರಡನೆಯದರಲ್ಲಿ ಅದೇ ಜಾಗ ಮಸುಕು.
ನಮ್ಮ ಮಿಣುಕು ದೋಣಿ ಬಂದಿತ್ತು, ಜಾಗ ಸಿಗದೆ ತಿರುಗಿ ಹೋಗಿತ್ತು.
ಅವಳವೇ ದೋಣಿಗಳು ಮೊದಲೇ ಬಂದು ಕಟ್ಟಿಕೊಂಡಿದ್ದವು.

ಎರಡನೆಯದೊಂದನ್ನೇ ಯಾರಾದರೂ ಕೈಗೆ ಕೊಟ್ಟಿದ್ದರೆ
ಮುಪ್ಪು, ಸವೆತ ಎಂದು ಬರೆದುಬಿಡುತ್ತಿದ್ದೆ.
ಗೂಟ ಕಿತ್ತ ಕಟ್ಟೆಯೂ ದೋಣಿ ತುಂಬಿದ ಕಟ್ಟೆಯೂ
ಯಂತ್ರಕ್ಕೆ ಒಂದೇ ಕತ್ತಲೆ.
ಎಷ್ಟು ಮುದುಕರ ಮೇಲೆ ಹಾಗೆ ಬರೆದಿದ್ದೇನೋ,
ಬಸ್ಸಿನಲ್ಲಿ, ಲಿಫ್ಟಿನಲ್ಲಿ, ಅಪ್ಪನ ಊಟದ ಮೇಜಿನೆದುರು,
ಒಂದೇ ಚಿತ್ರ ನೋಡಿ.

ತುಯೊವಿಗೆ ಎರಡೂ ಬೇಕಿರಲಿಲ್ಲ.
"ಮಂಡಿನೋವು ಹಾಗೇ ಇದೆ," ಎಂದಳು ಕೋಟು ತೊಡುತ್ತ,
ದೂರಿನಂತಲ್ಲ, ಹವಾಮಾನ ಹೇಳುವಂತೆ.
ಬಸ್ಸಿನ ಖರ್ಚಿಗೆ ಕೊಟ್ಟ ನೋಟು ಹಂಚಿಕೊಳ್ಳುವಲ್ಲಿ
ಎರಡು ಯೂರೋಗೆ ಮತ್ತೆ ಜಗಳ ಹತ್ತಿತು.
ಬಾಗಿಲು ದಾಟಿದ ಮೇಲೂ ಕೇಳುತ್ತಿತ್ತು, ಔರಾ ನದಿಯ ಕಡೆಗೆ.
ಗಡಿಯಾರ ನೋಡಿದೆ: ನಮ್ಮದು ಅವಳ ರಕ್ತದಲ್ಲಿ
ಹದಿನಾರರಲ್ಲೊಂದು ಪಾಲು.
ಓಡುವ ಕೆಲಸ ಮುಗಿದಿತ್ತು.
ಕಿಟಕಿಯ ಬಳಿ ಸುಮ್ಮನೆ ನಿಂತೆ.